ಮರಿಸ್ವಾಮಿ ಹಿಂದಿನ ಚಕ್ರ ಬಿಚ್ಚಿದ ಭಾನುವಾರ

ಕನ್ನೇಗೌಡನಕೊಪ್ಪಲಿನ ಮರಿಸ್ವಾಮಿ ಎಂದು ಕೇಳಿದರೆ ಸಂತೆಗಳಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಊದಿನಕಡ್ಡಿ ಫಟ್‌ಫಟಿ’ ಎನ್ನಿ, ಗುಂಡ್ಲುಪೇಟೆಯಿಂದ ನರಸೀಪುರದವರೆಗೆ ಯಾವ ದಿನಸಿ ಅಂಗಡಿಯವನಾದರೂ ‘ಓ, ಅವರಾ!’ ಅನ್ನುತ್ತಿದ್ದ. ಮೈಸೂರಿನ ಒಂದು ಸಣ್ಣ ಊದಿನಕಡ್ಡಿ ಕಾರ್ಖಾನೆಗೆ ಅವನು ಟೂರಿಂಗ್ ಏಜೆಂಟು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಒಂದು ಇಂಗ್ಲಿಷ್ ಮೋಟಾರ್ ಸೈಕಲ್ಲು ಅವನ ಪಾಲಿಗೆ ಬಂದಿತ್ತು. ಅದರ ಹಿಂದೆ ಎರಡೂ ಪಕ್ಕಕ್ಕೆ ತಗಡಿನ ಪೆಟ್ಟಿಗೆ ಕಟ್ಟಿಸಿಕೊಂಡು ಸೋಮವಾರ ಸರ್ಕೀಟು ಹೊರಟನೆಂದರೆ ಮತ್ತೆ ಮನೆ ಸೇರುವುದು ಶನಿವಾರ ಸಂಜೆಗೆ. ಅವನು ಬಂದು ಹೋದ ಅಂಗಡಿಯಲ್ಲಿ ಅರ್ಧ ದಿನ ಗಂಧದ ವಾಸನೆ, ಪೆಟ್ರೋಲಿನ ವಾಸನೆ ಎರಡೂ ನಿಂತಿರುತ್ತಿದ್ದವು.

ಅದೆಲ್ಲ ಎಂಟು ತಿಂಗಳ ಹಿಂದಿನ ಮಾತು. ಮೈಸೂರು ರಾಜ್ಯ ದೊಡ್ಡದಾದ ವರ್ಷದ ಬೇಸಿಗೆಯಿಂದ ಆ ಮೋಟಾರ್ ಸೈಕಲ್ಲು ಹಿತ್ತಿಲಿನ ನುಗ್ಗೆಮರದ ಕೆಳಗೆ ಗೋಣಿಚೀಲ ಹೊದ್ದು ನಿಂತುಬಿಟ್ಟಿತ್ತು. ಮರಿಸ್ವಾಮಿ ಕೈಚೀಲ ಹಿಡಿದು ಬಸ್ಸಿನಲ್ಲಿ ಸರ್ಕೀಟು ಹೋಗುತ್ತಿದ್ದ. ಅಂಗಡಿಯವರು ‘ಗಾಡಿ ಎಲ್ಲಿ ಏಜೆಂಟರೇ?’ ಎಂದರೆ ‘ರಿಪೇರಿ’ ಅನ್ನುತ್ತಿದ್ದ. ಮನೆಗೆ ಬಂದರೆ ಒಂದು ಪಾವು ಅಕ್ಕಿ ಬೇಯಿಸಿಕೊಂಡು, ಅದಕ್ಕೆ ಮಜ್ಜಿಗೆ ಹುಯ್ದುಕೊಂಡು ಉಂಡು, ತಟ್ಟೆ ತೊಳೆದು ಬೋರಲು ಹಾಕಿ, ಮತ್ತೆ ಏನು ಮಾಡಬೇಕೋ ತಿಳಿಯದೆ ಗೋಡೆ ನೋಡುತ್ತ ಕೂರುತ್ತಿದ್ದ. ಅಲ್ಲ, ಮೂವತ್ತೆರಡು ವರ್ಷದ ಗಂಡಸು, ಎದುರು ಮನೆಯ ಜಗಲಿಗೆ ಹೋಗಿ ನಾಲ್ಕು ಮಾತಾಡಬಾರದೆ? ಆಡಬಹುದಿತ್ತು. ಆದರೆ ಇವನು ಹೋದ ಕೂಡಲೇ ಅಲ್ಲಿ ಮಾತು ನಿಲ್ಲುತ್ತಿತ್ತು.

ಅವನ ಕಥೆ ಹೇಳಬೇಕಾದರೆ ಅಕ್ಕನಿಂದ ಶುರು ಮಾಡಬೇಕು. ತಾಯಿ ತೀರಿಕೊಂಡಾಗ ಮರಿಸ್ವಾಮಿಗೆ ಮೂರು ವರ್ಷ. ಹದಿನೈದು ವರ್ಷದ ಅಕ್ಕ ದೇವಿರಮ್ಮನಿಗೆ ಆಗತಾನೆ ದಟ್ಟಗಳ್ಳಿಯ ಜವರಯ್ಯನ ಜೊತೆ ಮದುವೆಯಾಗಿತ್ತು. ಅವಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಗಂಡನ ಮನೆಗೆ ನಡೆದಳು. ಜವರಯ್ಯ ಎತ್ತಿನ ಗಾಡಿ ಹೊಡೆಯುವ ಒಕ್ಕಲಿಗ, ಬಾಯಿ ಕಡಿಮೆ, ಮನಸ್ಸು ದೊಡ್ಡದು. ‘ಒಂದು ತುತ್ತು ಹೆಚ್ಚಿಗೆ ಬೇಯ್ಸು’ ಎಂದಷ್ಟೇ ಹೇಳಿದ. ಅಕ್ಕನಿಗೆ ಹೆಣ್ಣು ಮಗುವಾಯಿತು, ಶಿವನಂಜಮ್ಮ, ಮನೆಯವರ ಬಾಯಲ್ಲಿ ನಂಜಿ. ಮರಿಸ್ವಾಮಿ ಆ ತೊಟ್ಟಿಲು ತೂಗಿದ. ಮುಂದೆ ಪೇಟೆ ಸೇರಿ, ಕೆಲಸ ಹಿಡಿದು, ಮೀಸೆ ಬಂದ ಮೇಲೆ ಅಕ್ಕ ಅವಳನ್ನೇ ಅವನಿಗೆ ಕೊಟ್ಟಳು. ಮದುವೆಗೆ ಮುಂಚೆಯೂ ನಂಜಿ ಅವನನ್ನು ‘ಮಾವ’ ಅನ್ನುತ್ತಿದ್ದಳು, ಮದುವೆಯಾದ ಮೇಲೂ ‘ಮಾವ’ ಅನ್ನುತ್ತಿದ್ದಳು. ಹೀಗಾಗಿ ಅವನಿಗೆ ಅಕ್ಕನೇ ಅತ್ತೆ, ಭಾವನೇ ಮಾವ, ದಟ್ಟಗಳ್ಳಿಯೇ ತವರು. ಅದು ಬಿಟ್ಟರೆ ಭೂಮಿಯ ಮೇಲೆ ಅವನಿಗೆ ನಂಟರು ಎಂಬುವರು ಇರಲಿಲ್ಲ.

ಮಗಳಿಗೆ ತೀರಿಹೋದ ತಾಯಿಯ ಹೆಸರಿಟ್ಟ, ಬೋರಮ್ಮ ಅಂತ. ಅವಳಿಗೆ ಮೂರು ತುಂಬಿದ ವರ್ಷ ಗಂಡ ಹೆಂಡತಿ ಹರಕೆ ತೀರಿಸಲು ಚಾಮುಂಡಿ ಬೆಟ್ಟಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಹೋದರು. ಮಗುವನ್ನು ಅಕ್ಕನ ಹತ್ತಿರ ಬಿಟ್ಟಿದ್ದರು. ಇಳಿಯುವಾಗ ಒಂದು ತಿರುವಿನಲ್ಲಿ ಗಾಡಿ ನಿಲ್ಲಲಿಲ್ಲ. ರಸ್ತೆ ಪಕ್ಕದ ಕಲ್ಲಿಗೆ ಹೊಡೆದು ಇಬ್ಬರೂ ಬಿದ್ದರು. ಅವನಿಗೆ ಭುಜದ ಮೂಳೆ ಮುರಿಯಿತು. ನಂಜಿ ಆಸ್ಪತ್ರೆಯ ಬಾಗಿಲು ಕಾಣಲಿಲ್ಲ.

‘ಬ್ರೇಕು ಒತ್ತಿದೆ ಅಕ್ಕ, ಹಿಡೀಲಿಲ್ಲ’ ಎಂದು ಅವನು ಹೇಳಿದ್ದು ನಿಜ. ಆದರೆ ಬಸ್ಸಿನಲ್ಲಿ ಇಳಿಯುತ್ತಿದ್ದ ಯಾರೋ ಪುಣ್ಯಾತ್ಮರು, ‘ಗಾಳಿ ಬೀಸ್ದಂಗೆ ಬಿಟ್ಕೊಂಡು ಹೋಗ್ತಿದ್ದ ಕಣಮ್ಮ’ ಎಂದು ಹೇಳಿಬಿಟ್ಟಿದ್ದರು. ಮಗಳನ್ನು ಮಣ್ಣು ಮಾಡಿದ ತಾಯಿಗೆ ಯಾವ ಮಾತು ನಾಟುತ್ತದೆ? ಹನ್ನೊಂದನೆಯ ದಿನ ಎಲ್ಲರ ಎದುರಿಗೆ ದೇವಿರಮ್ಮ ತಮ್ಮನ ಮುಖ ನೋಡದೆ ಅಂದಳು: ‘ಎತ್ತಿ ಆಡಿಸಿದ ಕೈಲೇ ನನ್ನ ಮಗೀನ ಬೆಟ್ಟದಿಂದ ಉರುಳಿಸ್ಬುಟ್ಟ. ಮೊಮ್ಮಗೀನ ನಾನು ಕೊಡಕಿಲ್ಲ.’ ಬೋರಮ್ಮ ದಟ್ಟಗಳ್ಳಿಯಲ್ಲೇ ಉಳಿದಳು. ಅಲ್ಲಿಗೂ ಕೊಪ್ಪಲಿಗೂ ಮೂರು ಮೈಲಿ, ಅಷ್ಟೇ. ಆ ಮೂರು ಮೈಲಿ ಅವನು ಎಷ್ಟು ಭಾನುವಾರ ನಡೆದು, ಊರ ಮುಂದಿನ ಕಟ್ಟೆಯಿಂದಲೇ ವಾಪಸು ಬಂದಿದ್ದಾನೋ, ಲೆಕ್ಕವಿಟ್ಟವರಿಲ್ಲ.

ದಿನ ಹೋದಂತೆ ಅವನಿಗೇ ಅನುಮಾನ ಶುರುವಾಯಿತು. ನಿಜವಾಗಿ ಬ್ರೇಕು ಒತ್ತಿದೆನೆ? ಒತ್ತುವುದಕ್ಕೆ ತಡಮಾಡಿದೆನೆ? ಹಿಂದೆ ಕೂತ ನಂಜಿ ಏನೋ ಹೇಳಿದಳು, ನಕ್ಕೆ, ಆ ನಗುವಿನಲ್ಲಿ ಮೈಮರೆತೆನೆ? ಕೇಳೋಣವೆಂದರೆ ಸಾಕ್ಷಿಯಿದ್ದವಳು ಅವಳೊಬ್ಬಳೇ. ಅನ್ನ ಕಲಸುತ್ತಿದ್ದವನು ಬಲಗಾಲಿನಿಂದ ನೆಲ ಒತ್ತಿ ನೋಡುತ್ತಿದ್ದ. ಹುಚ್ಚು ಅನ್ನಿ. ಆದರೂ ಹಿತ್ತಿಲಿಗೆ ಹೋಗಿ ಗೋಣಿಚೀಲ ಸರಿಸಿ ನೋಡುವ ಧೈರ್ಯ ಎಂಟು ತಿಂಗಳು ಬರಲಿಲ್ಲ.

ಮರಿಸ್ವಾಮಿ ಸರ್ಕೀಟಿನ ನಡುವೆ ಸರಕಿಗೆಂದು ಕಾರ್ಖಾನೆಗೆ ಬಂದಿದ್ದ ಒಂದು ಗುರುವಾರ, ಜವರಯ್ಯ ಮಾರ್ಕೆಟ್ಟಿಗೆ ಸೊಪ್ಪು ಹಾಕಲು ಬಂದವನು ಕಾರ್ಖಾನೆಯ ಬಾಗಿಲಿಗೆ ಬಂದು ನಿಂತ.

‘ಮರಿ, ಭಾನುವಾರ ಬತ್ತೀವಿ ಕಣೋ, ನಿಮ್ಮಕ್ಕನೂ ಬತ್ತಾಳೆ’ ಎಂದ. ‘ಮಗ ದಿನಾ ಅಪ್ಪ ಅಪ್ಪ ಅಂತದೆ. ನಿಮ್ಮಕ್ಕನ ಮನ್ಸು ಒಸಿ ಕರಗಿದಂಗದೆ. ಆದ್ರೆ ಒಂದು ಮಾತು ಕೇಳ್ತಾಳೆ. ಗಾಡಿ ಕೆಟ್ಟು ಹಂಗಾಯ್ತಾ, ಇಲ್ಲಾ ನೀನು ಜೋರಾಗಿ ಬುಟ್ಯಾ? ಗಾಡಿ ಕೆಟ್ಟಿತ್ತು ಅಂದ್ರೆ ನಂಜಿ ಹಣೆಬರ, ಮಗೀನ ಕರ್ಕೊ ಅಂತಾಳೆ. ನೀನೇ ಬುಟ್ಟಿದ್ರೆ...’

‘ಬುಟ್ಟಿದ್ರೆ, ಭಾವ?’

‘ಅವಳು ಬದುಕಿರೋಗಂಟ ಇಲ್ಲ ಅಂದವಳೆ. ಕಣ್ಣಲ್ಲಿ ನೋಡ್ಬೇಕಂತೆ ಅವಳ್ಗೆ. ಬಿಚ್ಚಿ ಮಡ್ಗಿರು.’

ಭಾನುವಾರ ಬೆಳಗಿನ ಕಾಫಿ ಕುಡಿದು ಮರಿಸ್ವಾಮಿ ಹಿತ್ತಿಲಿಗೆ ಇಳಿದ. ಗೋಣಿಚೀಲ ಎಳೆದ. ನುಗ್ಗೆಯ ಒಣ ಎಲೆ ಸೀಟಿನ ಮೇಲೆಲ್ಲ ಅಂಟಿತ್ತು, ಹೆಡ್‌ಲೈಟಿನ ಗಾಜಿನಲ್ಲಿ ಜೇಡ ಮನೆ ಮಾಡಿತ್ತು. ಹ್ಯಾಂಡಲ್ಲು ಸೊಟ್ಟಗಾಗಿದ್ದು ಹಾಗೇ ಇತ್ತು. ‘ಹೆಂಗಿದ್ದೆ, ಹೆಂಗಾದೆ’ ಅಂದ ಗಾಡಿಗೆ. ಅವನು ದಿನಕ್ಕೆ ಆಡುತ್ತಿದ್ದ ಮಾತುಗಳಲ್ಲಿ ಅದೇ ಉದ್ದನೆಯದೇನೋ. ಆಮೇಲೆ ಗೋಣಿ ಹಾಸಿ, ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟುಕೊಂಡು ಕುಕ್ಕರುಗಾಲಿನಲ್ಲಿ ಕೂತ.

ಹಿಂದಿನ ಚಕ್ರ ಬಿಚ್ಚುವುದು ಅವನಿಗೆ ಹೊಸದೇನಲ್ಲ. ಪಂಚರಾದಾಗ ಸಂತೆ ದಾರಿಯಲ್ಲಿ ಹುಣಸೆಮರದ ಕೆಳಗೆ ಎಷ್ಟು ಸಲ ಬಿಚ್ಚಿಲ್ಲ! ಆದರೆ ಆಗ ಎರಡೂ ಭುಜ ನೆಟ್ಟಗಿದ್ದವು. ಗಾಡಿಯನ್ನು ಹಿಂದಕ್ಕೆ ಎಳೆದು ಸ್ಟ್ಯಾಂಡಿಗೆ ಏರಿಸುವಷ್ಟರಲ್ಲಿ ಹಳೆಯ ಮುರಿತ ಚಳಕ್ಕೆಂದಿತು. ಚೈನಿನ ಲಾಕು ಕಿತ್ತು ಚೈನು ಇಳಿಬಿಟ್ಟ. ಬ್ರೇಕಿನ ಕಂಬಿಯ ತುದಿಯ ನಟ್ಟು ಬಿಚ್ಚಿ ಕಂಬಿ ಜಾರಿಸಿದ. ಅಚ್ಚಿನ ನಟ್ಟುಗಳು ಎಂಟು ತಿಂಗಳ ಮಳೆ ಬಿಸಿಲಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು, ಕಾದು, ಸ್ಪ್ಯಾನರಿನ ಮೇಲೆ ನಿಂತು ಮೈಭಾರ ಹಾಕಿದ ಮೇಲೆ ಒಂದೊಂದೇ ಸಡಿಲಿದವು. ಮಡ್‌ಗಾರ್ಡಿನ ಕೆಳಗಿಂದ ಚಕ್ರ ಹೊರಗೆ ಬರಬೇಕಾದರೆ ಒಬ್ಬರು ಗಾಡಿಯನ್ನು ವಾಲಿಸಿ ಹಿಡಿದುಕೊಳ್ಳಬೇಕು. ಎದುರು ಮನೆಯವರನ್ನು ಕೂಗೋಣವೇ ಎಂದು ಒಂದು ಗಳಿಗೆ ನಿಂತ. ಕೂಗಲಿಲ್ಲ. ಸೀಟಿಗೆ ಬೆನ್ನು ಕೊಟ್ಟು ಗಾಡಿಯನ್ನು ತಾನೇ ತಡೆದು ನಿಂತು, ಹಿಮ್ಮಡಿಯಿಂದ ಚಕ್ರವನ್ನು ಒದ್ದು ಒದ್ದು ಹೊರಗೆ ತಳ್ಳಿದ. ಅದು ಉರುಳಿ ಹೋಗಿ ನುಗ್ಗೆಮರಕ್ಕೆ ಬಡಿದು ಬಿತ್ತು.

ಚಕ್ರದ ಮಧ್ಯಕ್ಕೆ ಮುಚ್ಚಿದ್ದ ಬ್ರೇಕಿನ ತಟ್ಟೆಯನ್ನು ಎತ್ತಿದ. ಒಳಗೆ ಒಣಗಿ ಬೂದಿ ಬಣ್ಣಕ್ಕಿರಬೇಕಾದ ಬ್ರೇಕು ಕಪ್ಪಗೆ, ಜಿಗಟಾಗಿ ಮಿರಮಿರ ಎನ್ನುತ್ತಿತ್ತು. ಬೆರಳಿಟ್ಟ. ಬೆರಳು ಜಾರಿತು. ಡ್ರಮ್ಮಿನ ಸುತ್ತಲೂ ಎಣ್ಣೆ. ಇಂಥದ್ದನ್ನು ಕಾಲಲ್ಲಿರಲಿ, ಆನೆಯಿಂದ ಒತ್ತಿಸಿದರೂ ಹಿಡಿಯುತ್ತಿರಲಿಲ್ಲ. ಮುಂದಿನ ಕೈಬ್ರೇಕಂತೂ ಹರಾಜಿನಲ್ಲಿ ಬಂದ ದಿನದಿಂದ ಹೆಸರಿಗಷ್ಟೇ ಇತ್ತು.

‘ನಾನಲ್ಲ!’ ಎಂದ ಮರಿಸ್ವಾಮಿ. ಗಟ್ಟಿಯಾಗಿಯೇ ಅಂದ. ‘ಅಕ್ಕಾ, ನಾನಲ್ಲ ಕಣಕ್ಕಾ! ಒತ್ತಿದ್ದೆ ನಾನು!’ ಎದ್ದು ಹಿತ್ತಿಲ ತುಂಬ ಎರಡು ಸುತ್ತು ತಿರುಗಿದ. ನಕ್ಕ. ಅಳು ಬಂತು. ಬೋರಮ್ಮನಿಗೆ ಹಾಸಿಗೆ ಎಲ್ಲಿ ಹಾಸಬೇಕು, ಸರ್ಕೀಟು ಹೋದಾಗ ಯಾರ ಮನೆಯಲ್ಲಿ ಬಿಡಬೇಕು, ಬೆಳಿಗ್ಗೆ ತಲೆ ಬಾಚುವುದನ್ನು ಯಾರ ಹತ್ತಿರ ಕಲಿಯಬೇಕು, ಎಲ್ಲವನ್ನೂ ಆ ಎರಡು ಸುತ್ತಿನಲ್ಲೇ ಯೋಚಿಸಿಬಿಟ್ಟ.

ಆಮೇಲೆ ಬೆರಳು ಮೂಗಿನ ಹತ್ತಿರ ಬಂತು. ಮೋಟಾರ್ ಎಣ್ಣೆಯ ವಾಸನೆಯಲ್ಲ. ಗ್ರೀಸಿನದೂ ಅಲ್ಲ. ಹರಳೆಣ್ಣೆ, ಅದರಲ್ಲಿ ಸುಟ್ಟ ಹುಲ್ಲಿನ ಮಸಿ. ಕೀಲೆಣ್ಣೆ! ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ. ಭಾವನ ಗಾಡಿಯ ಕೆಳಗೆ ಆಡಿ ಬೆಳೆದವನಿಗೆ ಆ ವಾಸನೆ ಗೊತ್ತಾಗದೆ ಇರುತ್ತದೆಯೆ? ಬ್ರೇಕಿನ ತಟ್ಟೆಯಲ್ಲಿ ಒಂದು ಸಣ್ಣ ತೂತು ಇತ್ತು, ಒಳಗಿನ ಬ್ರೇಕು ಸವೆದಿದೆಯೇ ನೋಡುವುದಕ್ಕೆಂದು ಮಾಡಿದ್ದು. ಅದರ ರಬ್ಬರು ಮುಚ್ಚಳ ಯಾವಾಗಲೋ ಬಿದ್ದುಹೋಗಿತ್ತು. ಆ ತೂತಿನ ಸುತ್ತ ಎಣ್ಣೆ ಸೋರಿದ ಕಪ್ಪು ಗೆರೆ, ಅದಕ್ಕೆ ಅಂಟಿಕೊಂಡಂತೆ ಕೋಳಿಪುಕ್ಕದ ಒಂದು ಎಳೆ.

ಅವನು ಗೋಣಿಯ ಮೇಲೆ ಕೂತುಬಿಟ್ಟ. ಹಿಂದಿನ ಚಕ್ರ ಕಿರ್ರೋ ಎಂದು ಕೂಗುತ್ತಿತ್ತು, ಬೆಟ್ಟಕ್ಕೆ ಹೋಗುವ ಒಂದು ತಿಂಗಳ ಮುಂಚಿನಿಂದ. ‘ಮಾವ, ನಿನ್ನ ಗಾಡಿ ಅಳ್ತದೆ, ಒಸಿ ನೋಡು’ ಎಂದು ನಂಜಿ ಎಷ್ಟು ಸಲ ಹೇಳಿದ್ದಳು! ಇವನೋ, ಬರೋ ಭಾನುವಾರ, ಬರೋ ಭಾನುವಾರ. ಬೆಟ್ಟಕ್ಕೆ ಹೊರಟ ಬೆಳಿಗ್ಗೆ, ಇವನು ಸ್ನಾನ ಮುಗಿಸಿ ಬಂದಾಗ ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ‘ಇವತ್ತು ಅಳಕಿಲ್ಲ ನೋಡು ನಿನ್ನ ಗಾಡಿ’ ಎಂದು ನಕ್ಕಿದ್ದಳು. ಏನು ಮಾಡಿದೆ ಎಂದು ಇವನು ಕೇಳಲಿಲ್ಲ. ಬೆಟ್ಟ ಹತ್ತುವಾಗ ಬ್ರೇಕಿಗೆ ಕೆಲಸವೇ ಇರಲಿಲ್ಲ. ಚಕ್ರವಂತೂ ಅವತ್ತು ಚೂರೂ ಕೂಗಲಿಲ್ಲ.

‘ಅಯ್ಯೋ ಪೆದ್ದಿ’ ಎಂದ. ಅಷ್ಟು ಪ್ರೀತಿಯಿಂದ ಅವಳನ್ನು ಬದುಕಿದ್ದಾಗಲೂ ಅಂದಿರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಹೇಳಿದರೆ ‘ಹೌದಾ ಮಾವ, ಆ ತೂತು ಎಣ್ಣೇಗಲ್ವಾ?’ ಎಂದು ಕೇಳಬೇಕಾದವಳು ಅವಳು ಮಾತ್ರ. ಆದರೂ, ಇದನ್ನು ಮುಚ್ಚಿಡಬೇಕೆಂದು ಆಗ ಅವನಿಗೆ ಅನ್ನಿಸಲಿಲ್ಲ. ಸುಳ್ಳೇಕೆ ಹೇಳಬೇಕು, ಅವನಿಗೆ ಮಗಳು ಬೇಕಾಗಿತ್ತು. ಅಕ್ಕನಿಗೆ ತೋರಿಸುವುದು, ಗಾಡಿಯ ತಪ್ಪು, ಎಣ್ಣೆ ಸೋರಿದೆ ಎನ್ನುವುದು. ಯಾವ ಎಣ್ಣೆ ಎಂದು ಅವಳೇ ತಿಳಿದುಕೊಂಡರೆ ತಿಳಿದುಕೊಳ್ಳಲಿ, ತೀರಿಹೋದವಳನ್ನು ಯಾರೂ ಏನೂ ಮಾಡಲಾರರು.

ಬಿಸಿಲು ಏರುವ ಹೊತ್ತಿಗೆ ಬೀದಿಯಲ್ಲಿ ಗಾಡಿಯ ಗಂಟೆ ಕೇಳಿಸಿತು. ಜವರಯ್ಯ ಎತ್ತು ಹಿಡಿದು ಬೀದಿಯಲ್ಲೇ ನಿಂತ. ಗಾಡಿಯ ಹುಲ್ಲಿನ ಮೇಲೆ ಬೋರಮ್ಮ ಕೂತಿದ್ದಳು, ಕೆಂಪು ಲಂಗ, ಎಣ್ಣೆ ಹಾಕಿ ಬಾಚಿದ ತಲೆ, ಪಕ್ಕದಲ್ಲಿ ಒಂದು ಬಟ್ಟೆಗಂಟು. ದೇವಿರಮ್ಮ ಇಳಿದು ಬಂದು ಜಗಲಿಯ ಮೇಲೆ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ. ನಲವತ್ತನಾಲ್ಕಕ್ಕೇ ಮುದುಕಿಯಾಗಿಬಿಟ್ಟಿದ್ದಳು. ಜಗಲಿಯ ತುಂಬ ಊದಿನಕಡ್ಡಿಯ ಪೆಟ್ಟಿಗೆಗಳು ಗಮಗಮಿಸುತ್ತಿದ್ದವು, ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

‘ಮಗೀನ ಬಟ್ಟೆಬರೆ ಕಟ್ಕೊಂಡೇ ಬಂದಿವ್ನಿ’ ಎಂದಳು. ‘ನಿಜ ಇದ್ರೆ ಬುಟ್ಟೋಯ್ತೀನಿ. ಬಿಚ್ಚಿದ್ಯಾ?’

‘ಬಿಚ್ಚಿವ್ನಿ ಅಕ್ಕ. ಬಾ, ನೀನೇ ನೋಡುವಂತೆ.’

ಅವನು ಮುಂದೆ, ಅವಳು ಹಿಂದೆ. ನಡುಮನೆ ದಾಟಿ ಹಿತ್ತಿಲ ಬಾಗಿಲಿಗೆ ಇನ್ನು ನಾಲ್ಕು ಹೆಜ್ಜೆ ಇತ್ತು. ದೇವಿರಮ್ಮ ನಿಂತಳು.

‘ತಡಿ ಮರಿ. ನೋಡೋಕ್ ಮುಂಚೆ ಒಂದು ಕೇಳ್ಬುಡ್ತೀನಿ. ಎಂಟು ತಿಂಗಳಿಂದ ನಿದ್ದೆ ಬತ್ತಿಲ್ಲ ಕಣೋ ನಂಗೆ. ಯಾರ ಮುಂದೂ ಆಡಿಲ್ಲ, ನಿಮ್ಮ ಭಾವನ ಮುಂದೂ ಆಡಿಲ್ಲ.’ ಒಮ್ಮೆ ಬೀದಿಯ ಕಡೆ ತಿರುಗಿ ನೋಡಿದಳು. ‘ಆವಾಗ ನಂಜಿ ಬಂದಿದ್ದಾಗ, ಮಾವನ ಗಾಡಿ ಚಕ್ರ ಕೂಗ್ತದೆ, ಮಾವ ಕಿವಿಗೇ ಹಾಕ್ಕಳಕಿಲ್ಲ ಅಂದ್ಲು. ನಾನೇ ಒಂದು ಸೀಸೆ ಕೀಲೆಣ್ಣೆ ಕೊಟ್ಟೆ. ಗಾಡಿ ಯಾವುದಾದ್ರೇನು, ಚಕ್ರ ಚಕ್ರವೇ ಅಲ್ವಾ. ತೂತು ಎಲ್ಲದೆ ನೋಡಿ, ಪುಕ್ಕದಲ್ಲಿ ಚೆಂದಾಗಿ ಬುಡು ಅಂತ ನಾನೇ ಹೇಳ್ಕೊಟ್ಟೆ. ಅವಳು ಹಾಕಿದ್ಲೇನೋ? ಮರ್ತ್‌ಬುಟ್ಲೋ ಏನೋ, ಅಚ್ಚು ಒಣಗಿ ಚಕ್ರ ಕಚ್ಕೊಂಡು ಬಿದ್ರೋ ಏನೋ ಅಂತ ಒಂದೇ ಸಮ ಕೊರೀತದೆ. ಬೋ ಮರೆವು ಅವಳಿಗೆ. ನಾನೇ ಬಂದು ಹಾಕಿದ್ರೆ ಮಗ ಉಳೀತಿತ್ತೇನೋ ಅಂತ.’

ಮರಿಸ್ವಾಮಿ ಅಕ್ಕನ ಮುಖ ನೋಡಿದ. ತೆರೆದ ಬಾಗಿಲಿನ ಆಚೆ ಬಿಸಿಲಿನಲ್ಲಿ ಆ ಚಕ್ರ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ನಾಲ್ಕು ಹೆಜ್ಜೆ. ಗಾಡಿಯವನ ಹೆಂಡತಿ ಇವಳು. ಹತ್ತಿರ ಹೋದರೆ ನೋಡುವುದೂ ಬೇಡ, ಮೂಗೇ ಹೇಳುತ್ತದೆ. ಹೇಳಿದ ಮೇಲೆ ಇವಳು ಬದುಕುವುದು ಹೇಗೆ? ಬೀದಿಯಲ್ಲಿ ಕೂತ ಮಗುವಿನ ಬಟ್ಟೆಗಂಟೂ ಕಣ್ಣಿಗೆ ಕಟ್ಟಿತು. ಬಾಗಿಲಿಗೆ ಅಡ್ಡ ನಿಂತು, ಹಿಂದಿನಿಂದ ಕದ ಎಳೆದುಕೊಂಡ.

‘ಹಾಕಿದ್ಲು ಅಕ್ಕ’ ಎಂದ. ‘ಚೆನ್ನಾಗಿ ಹಾಕಿದ್ಲು. ಅವತ್ತು ಚಕ್ರ ನೀರು ಹರಿದಂಗೆ ತಿರುಗ್ತಿತ್ತು.’

‘ನಿಜವಾಗ್ಲೂ?’

‘ಬೋರಮ್ಮನಾಣೆ.’

‘ಮತ್ತೆ?’

‘ಗಾಡೀಲಿ ಏನೂ ಕೆಟ್ಟಿಲ್ಲ ಅಕ್ಕ. ಬಿಚ್ಚಿ ಎಲ್ಲಾ ನೋಡ್ದೆ. ನಾನೇ... ನಾನೇ ಜೋರಾಗಿ ಬುಟ್ಟೆ.’

ದೇವಿರಮ್ಮ ಗೋಡೆಗೆ ಒರಗಿ ಕೂತಳು. ‘ಹಾಕಿದ್ಲು! ನನ್ನ ಕಂದ, ಹೇಳಿದ ಮಾತು ಮರೀನಿಲ್ಲ’ ಎಂದು ಮುಖಕ್ಕೆ ಸೆರಗು ಹಾಕಿಕೊಂಡು ಅತ್ತಳು. ಎಂಟು ತಿಂಗಳ ಅಳು ಅದು, ಬೇಗ ನಿಲ್ಲಲಿಲ್ಲ. ನಿಂತ ಮೇಲೆ ಮುಖ ಒರೆಸಿಕೊಂಡು ಎದ್ದಾಗ ಅವಳ ಕಣ್ಣು ತಿಳಿಯಾಗಿತ್ತು. ಆ ತಿಳಿಗಣ್ಣಿನಿಂದಲೇ ತಮ್ಮನನ್ನು ನೋಡಿದಳು. ‘ಅಂಗಾದ್ರೆ ನೀನೇ ಕಣೋ’ ಎಂದಳು. ‘ಅವಳು ನಿನ್ನ ಗಾಡೀಗೂ ಎಣ್ಣೆ ಹಾಕಿ ಸಾಕಿದ್ಲು. ನೀನು ಅವಳನ್ನ ಉಳಿಸ್ಕಳ್ನಿಲ್ಲ.’ ತಿರುಗಿ ಹೊರಟಳು.

ಅವನು ಹಿಂದೆಯೇ ಬೀದಿಗೆ ಬಂದ, ದೂರ ನಿಂತ. ದೇವಿರಮ್ಮ ಗಾಡಿ ಹತ್ತಿ ಬಟ್ಟೆಗಂಟನ್ನು ಮಡಿಲಿಗೆ ಎಳೆದುಕೊಂಡಳು. ಜವರಯ್ಯನಿಗೆ ಅಷ್ಟರಲ್ಲೇ ಅರ್ಥವಾಯಿತು. ಆದರೂ ಅವನು ಮೊಮ್ಮಗಳ ಕಡೆ ಬಾಗಿ, ‘ಅಪ್ಪ ನೋಡವ್ವ. ಒಂದ್ಗಳಿಗೆ ಎತ್ಕೊ ಮರಿ, ನಿಮ್ಮಕ್ಕ ಏನೂ ಅನ್ನಕಿಲ್ಲ’ ಎಂದ. ಬೋರಮ್ಮ ಒಂದು ಕ್ಷಣ ಅನುಮಾನಿಸಿ ನೋಡಿದಳು. ಆಮೇಲೆ ಗುರುತು ಹಿಡಿದು ಎರಡೂ ಕೈ ಚಾಚಿದಳು.

ಮರಿಸ್ವಾಮಿಯ ಕೈ ಮೊಣಕೈವರೆಗೂ ಕಪ್ಪಾಗಿತ್ತು. ಎತ್ತಿಕೊಂಡರೆ ಲಂಗಕ್ಕೆ ಹತ್ತುತ್ತದೆ. ದಟ್ಟಗಳ್ಳಿಯವರೆಗೂ ಆ ಲಂಗ ಅಕ್ಕನ ಮಡಿಲಿನಲ್ಲೇ ಇರುತ್ತದೆ. ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡ.

‘ಕೈ ಕೊಳೆ ಭಾವ. ತೊಳ್ಕೊಂಡು ಬಂದ್ಬುಟ್ಟೆ, ಒಂದೇ ನಿಮಿಷ’ ಎಂದು ಒಳಗೆ ಓಡಿದ.

ಬಚ್ಚಲಿನ ಬೂದಿ ತಗೊಂಡು ಉಜ್ಜಿದ. ಮೂಸಿದ, ಕೀಲೆಣ್ಣೆ. ಸೀಗೆಪುಡಿ ಹಾಕಿ ತೆಂಗಿನ ನಾರಿನಿಂದ ಚರ್ಮ ಕೆಂಪಾಗುವಷ್ಟು ಉಜ್ಜಿದ. ಮೂಸಿದ, ಇನ್ನೂ ಕೀಲೆಣ್ಣೆ. ‘ಹೊಡೀರಿ ಗಾಡೀನ, ಹೆತ್ತ ಮಗೀನ ಮುಟ್ಟೋಕೂ ಮನಸ್ಸು ಬರ್ನಿಲ್ಲ ಅವ್ನಿಗೆ’ ಎಂದು ಅಕ್ಕನ ದನಿ ಕೇಳಿಸಿತು. ಮಗು ಏನೋ ಕೂಗಿತು. ‘ಬಂದೆ, ಬಂದೆ’ ಎಂದು ಇವನು ಇನ್ನೊಂದು ಹಿಡಿ ಸೀಗೆಪುಡಿ ಬಾಚಿಕೊಂಡ. ಉಗುರಿನ ಸಂದಿ, ಬೆರಳಿನ ಸಂದಿ, ಮೊಣಕೈ, ಒಂದೂ ಬಿಡದೆ ತಿಕ್ಕಿ ನೀರು ಹುಯ್ದುಕೊಂಡು ಬೀದಿಗೆ ಓಡಿ ಬಂದ.

ಬೀದಿಯಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಜಗಲಿಯವರು ಇವನನ್ನು ಕಂಡು ಮಾತು ನಿಲ್ಲಿಸಿದರು. ಅವನು ನೀರು ತೊಟ್ಟಿಕ್ಕುವ ಕೈಯನ್ನು ಮೂಗಿನ ಹತ್ತಿರ ತಂದು ನೋಡಿದ. ವಾಸನೆ ಹೋಗಿತ್ತು.